ವೈಡೂರ್ಯದ ನಾಡಿಗೂ ಮೊದಲು

ಕ್ರಿ.ಶ. 150ರ ಆಸುಪಾಸಿನಲ್ಲಿ ಈಜಿಪ್ತಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ಜಗತ್ತಿನ ಊರುಗಳನ್ನೆಲ್ಲ ಪಟ್ಟಿ ಮಾಡುತ್ತಿದ್ದ. ದಕ್ಷಿಣ ಭಾರತದ ಒಳನಾಡಿಗೆ ಬಂದಾಗ ಪೌನ್ನಾಟ ಎಂದು ಒಂದು ಹೆಸರು ಬರೆದು, ಅಲ್ಲಿ ಬೆರಿಲ್ ಸಿಗುತ್ತದೆಂದು ಪಕ್ಕದಲ್ಲಿ ಗುರುತು ಹಾಕಿಕೊಂಡ. ನಮ್ಮ ಹಳಬರು ವೈಡೂರ್ಯವೆನ್ನುತ್ತಿದ್ದ ಕಲ್ಲು ಅದು. ಟಾಲೆಮಿ ಭಾರತಕ್ಕೆ ಬಂದವನಲ್ಲ. ಮಲಬಾರಿನ ಬಂದರುಗಳಿಗೆ ಮೆಣಸು ಕೊಳ್ಳಲು ಬರುತ್ತಿದ್ದ ಹಡಗಿನವರು ಹೇಳಿದ್ದನ್ನು ಕೇಳಿ ಬರೆದವನು. ಅವನಿಗಿಂತ ಹಿಂದೆಯೇ ರೋಮಿನ ಪ್ಲಿನಿ, ಈ ಕಲ್ಲು ಭಾರತ ಬಿಟ್ಟರೆ ಬೇರೆಡೆ ಸಿಗುವುದು ಅಪರೂಪವೆಂದು ದಾಖಲಿಸಿದ್ದ. ಹೀಗೆ ಇಂದಿನ ಮೈಸೂರು ಜಿಲ್ಲೆಯ ಪಶ್ಚಿಮದ ಅಂಚು ಪ್ರಪಂಚದ ಬರಹಕ್ಕೆ ಮೊದಲ ಸಲ ಸೇರಿದ್ದು ಒಂದು ಹರಳಿನ ದೆಸೆಯಿಂದ.

ಟಾಲೆಮಿ ಪೌನ್ನಾಟವೆಂದು ಬರೆದ ಪುನ್ನಾಟದ ರಾಜಧಾನಿ ಕಿತ್ತಿಪುರ. ಸಂಸ್ಕೃತದ ಠೀವಿಯಲ್ಲಿ ಅದೇ ಕೀರ್ತಿಪುರ, ಜನರ ಬಾಯಲ್ಲಿ ಕಿತ್ತೂರು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಕಪಿಲೆಯ, ಅಂದರೆ ಕಬಿನಿಯ, ದಡದ ಮೇಲಿದ್ದ ಊರು. 1974ರಲ್ಲಿ ಕಬಿನಿ ಅಣೆಕಟ್ಟೆಯ ಕೆಲಸ ಮುಗಿದು 19.52 ಟಿಎಂಸಿ ನೀರು ನಿಲ್ಲುವಂತಾದಾಗ ಅದು ಹಿನ್ನೀರಿನ ಪಾಲಾಯಿತು. ಈಗ ಆನೆ ನೋಡಲು ದೋಣಿ ಹತ್ತುವ ಪ್ರವಾಸಿಗರಿಗೆ ತಮ್ಮ ಕಾಲಡಿಯ ನೀರಿನಲ್ಲಿ ಟಾಲೆಮಿಗೂ ಗೊತ್ತಿದ್ದ ಒಂದು ನಾಡಿನ ರಾಜಧಾನಿ ಇದೆಯೆಂದು ಹೇಳುವವರಿಲ್ಲ. ಹುಲಿಯ ಹೆಜ್ಜೆಗೆ ಇರುವ ಬೆಲೆ ಇಂಥ ಸುದ್ದಿಗೆ ಇಲ್ಲ.

ಈ ಭಾಗದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಪುನ್ನಾಟದಿಂದಲೇ ಶುರುಮಾಡುತ್ತಾರೆ. ದೊರೆಗಳ ವಂಶಾವಳಿ, ಮದುವೆ, ಯುದ್ಧ, ದಾನ. ಆದರೆ ಒಬ್ಬ ದೊರೆ ಅರಮನೆ ಕಟ್ಟಿ ಕೂರಬೇಕಾದರೆ ಅದಕ್ಕೆ ಮೊದಲು ಯಾರೋ ಕಾಡು ಸವರಿರಬೇಕು, ಬಿತ್ತಿರಬೇಕು, ದನ ಪಳಗಿಸಿರಬೇಕು, ಉಂಡು ಮಿಕ್ಕಿದ ಕಾಳನ್ನು ಕೆಡದಂತೆ ಇಡುವುದನ್ನು ಕಲಿತಿರಬೇಕು. ಶಾಲೆಯ ಪಾಠದಲ್ಲಿ ಈ ಕೆಲಸಗಳೆಲ್ಲ ಟೈಗ್ರಿಸ್, ಯೂಫ್ರೆಟಿಸ್, ನೈಲ್, ಸಿಂಧೂ ನದಿಗಳ ದಡದಲ್ಲಿ ನಡೆದು ಮುಗಿಯುತ್ತವೆ. ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಯ ದಡಗಳಲ್ಲಿ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಈ ಸೀಮೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಜನ ಕೋಟೆ ಎಂದೇ ಕರೆಯುವ ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಬಗ್ಗೆ ಜಂಬ ಕೊಚ್ಚಿಕೊಳ್ಳುವಂಥದ್ದೇನೂ ಇಲ್ಲ. ಲೋಕದ ಮೊದಲ ಬೇಸಾಯ ಇಲ್ಲಿಯದಲ್ಲ, ಮೊದಲ ಕುಲುಮೆ ಇಲ್ಲಿಯದಲ್ಲ, ಮೊದಲ ಅಕ್ಷರವೂ ಇಲ್ಲಿಯದಲ್ಲ. ಆದರೆ ಇಲ್ಲಿಗೆ ಬಂದದ್ದು ಮಾತ್ರ ಹೋಗಲಿಲ್ಲ. ಒಂದರ ಮೇಲೊಂದು ಯುಗ ಬಂದರೂ ಹಿಂದಿನದು ಅಳಿಯದೆ ಪಕ್ಕದಲ್ಲೇ ಉಳಿಯಿತು. ನಾಗರಿಕತೆ ಎಂಬುದು ಮೆಟ್ಟಿಲು ಹತ್ತಿದಂತೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಎಂಬ ನಂಬಿಕೆಯನ್ನು ಈ ನೆಲ ಅಷ್ಟಾಗಿ ಒಪ್ಪುವುದಿಲ್ಲ.

ನೆಲದ ಮಾತಿನಿಂದಲೇ ಆರಂಭಿಸುವುದಾದರೆ, ಸರಗೂರಿನ ಸುತ್ತಲ ಬಂಡೆಗಳು 300 ಕೋಟಿ ವರ್ಷಕ್ಕೂ ಹಳೆಯವು. ಭೂವಿಜ್ಞಾನಿಗಳು ಕರ್ನಾಟಕದ ಅತಿ ಪುರಾತನ ಶಿಲೆಗಳ ಒಂದು ವರ್ಗಕ್ಕೇ ಸರಗೂರು ಸಮೂಹವೆಂದು ಹೆಸರಿಟ್ಟಿದ್ದಾರೆ. ಅದರೊಳಗೆ ಕಬ್ಬಿಣದ ಅದಿರಿನ ಪಟ್ಟೆಗಳಿವೆ, ಕುರಂದ ಇದೆ, ಕಯನೈಟ್ ಇದೆ. ಇವು ಮನುಷ್ಯರ ಕೈಗೆ ಬೀಳುವುದು ತೀರಾ ಈಚಿನ ಮಾತು. ಹಳೆ ಶಿಲಾಯುಗದ ದೊಡ್ಡ ಸುದ್ದಿಗಳೆಲ್ಲ ಇಲ್ಲಿಂದ ದೂರದವು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಕೆ. ಪದ್ದಯ್ಯನವರು ಅಗೆದ ಕಲ್ಲಿನ ಕೊಡಲಿಗಳ ಕಾರ್ಖಾನೆ ಸುಮಾರು 12 ಲಕ್ಷ ವರ್ಷದ್ದು ಎನ್ನುತ್ತಾರೆ. ಚೆನ್ನೈ ಹತ್ತಿರದ ಅತ್ತಿರಂಪಾಕ್ಕಂ 15 ಲಕ್ಷ ವರ್ಷದ್ದು. ನಮ್ಮ ಕತೆ ಅಷ್ಟು ಹಿಂದಕ್ಕೆ ಹೋಗಬೇಕಾಗಿಲ್ಲ.

ನಮ್ಮ ಕತೆಗೆ ಮುಖ್ಯವಾದದ್ದು ಕಾಡಿನ ಅಂಚು. ಪಶ್ಚಿಮಘಟ್ಟದ ಮಳೆ ಕೊಡಗಿನಲ್ಲಿ ಸುರಿದು, ಪಿರಿಯಾಪಟ್ಟಣಕ್ಕೆ ಬರುವಷ್ಟರಲ್ಲಿ ಅರೆಮಲೆನಾಡಾಗಿ, ಕೃಷ್ಣರಾಜನಗರಕ್ಕೆ ತಲುಪುವಾಗ ಬಯಲಾಗುತ್ತದೆ. ಅರ್ಧ ದಿನ ಪೂರ್ವಕ್ಕೆ ನಡೆದರೆ ಗಿಡಮರವೇ ಬದಲಾಗುವ ಸೀಮೆ ಇದು. ತೇಗ, ಮತ್ತಿ, ಬಿದಿರಿನ ಕಾಡು ತೆಳುವಾಗಿ ಹುಲ್ಲುಗಾವಲಿಗೆ ಸೇರುವ ಇಂಥ ಕಡೆಯಲ್ಲಿ ಗೆಡ್ಡೆಗೆಣಸು, ಜೇನು, ಹಣ್ಣು, ಬೇಟೆ ಎಲ್ಲವೂ ಕೈಗೆಟುಕುವಂತಿರುತ್ತವೆ. ಬಹಳ ಕಾಲ ಮನುಷ್ಯರು ಇಲ್ಲಿ ಬೇಸಾಯವಿಲ್ಲದೆಯೇ ಬದುಕಿದರು, ಬೇಸಾಯ ಬಂದ ಮೇಲೂ ಒಂದಷ್ಟು ಜನ ಹಾಗೆಯೇ ಬದುಕಿದರು.

ಈ ಮಾತು ಬಂದ ಕೂಡಲೇ ಕೆಲವರು ಇಲ್ಲಿನ ಕಾಡುಗಳ ಜೇನುಕುರುಬರು, ಬೆಟ್ಟಕುರುಬರ ಕಡೆ ಬೆರಳು ತೋರಿಸಿ ಅವರು ಶಿಲಾಯುಗದ ಪಳೆಯುಳಿಕೆ ಎಂದುಬಿಡುತ್ತಾರೆ. ಅದು ಶುದ್ಧ ಅಜ್ಞಾನ. 1800ರಲ್ಲಿ ಈ ಕಡೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಕಾಡುಕುರುಬರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಅವನು ಕಂಡದ್ದು ಲೋಕದಿಂದ ಕಡಿದುಹೋದ ಜನರನ್ನಲ್ಲ. ರೈತರು ತಮ್ಮ ಪೈರು ಕಾಯಲು ಅವರನ್ನೇ ಕೂಲಿಗೆ ಕರೆಯುತ್ತಿದ್ದರು. ರಾತ್ರಿ ಆನೆ ಹೊಲಕ್ಕೆ ನುಗ್ಗಿದರೆ ಪಂಜು ಹಿಡಿದು ಎದುರಿಗೆ ಹೋಗುವ ಎದೆಗಾರಿಕೆ ಇದ್ದದ್ದು ಅವರಿಗೆ. ಗೆಣಸು ಅಗೆಯುವ ಕೋಲಿನ ತುದಿಗೆ ಕಬ್ಬಿಣ, ಜೇನಿಗೆ ಪ್ರತಿಯಾಗಿ ಊರಿನ ಧಾನ್ಯ. ಕಾಡಿನ ಬದುಕು ಮತ್ತು ಹೊಲದ ಬದುಕು ಒಂದರ ಹಿಂದೆ ಒಂದು ಬಂದ ಯುಗಗಳಲ್ಲ, ಒಂದೇ ಸಂತೆಗೆ ಬರುತ್ತಿದ್ದ ಎರಡು ಕಸುಬುಗಳು. ಈ ಕುರುಬರ ಹಾಡಿಗಳ ಜನರನ್ನು ನಾಗರಹೊಳೆ ಕಾಡಿನಿಂದ ಎತ್ತಂಗಡಿ ಮಾಡಿದವರು ಈ ವ್ಯತ್ಯಾಸವನ್ನು ಒಮ್ಮೆ ಯೋಚಿಸಬಹುದಿತ್ತು.

ಬೇಸಾಯ ಹೇಗೆ ಬಂತು? 1930ರ ದಶಕದಲ್ಲಿ ಗಾರ್ಡನ್ ಚೈಲ್ಡ್ ಎಂಬ ಪುರಾತತ್ತ್ವಜ್ಞ ಇದನ್ನು ನವಶಿಲಾಯುಗದ ಕ್ರಾಂತಿ ಎಂದು ಕರೆದ. ಹೆಸರು ಗಟ್ಟಿಯಾಗಿ ಅಂಟಿಕೊಂಡಿತು. ಪಶ್ಚಿಮ ಏಷ್ಯಾದಲ್ಲಿ ಗೋಧಿ, ಬಾರ್ಲಿ, ಚೀನಾದಲ್ಲಿ ಭತ್ತ, ಮೆಕ್ಸಿಕೋದಲ್ಲಿ ಮೆಕ್ಕೆಜೋಳ. ಭಾರತದ ದಕ್ಷಿಣಕ್ಕೆ ಎಲ್ಲವೂ ಉತ್ತರದಿಂದ ಇಳಿದು ಬಂತೆಂದು ಬಹಳ ದಿನ ನಂಬಿದ್ದರು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಬೂದಿಯಲ್ಲಿ ಸಿಕ್ಕ ಸುಟ್ಟ ಕಾಳುಗಳು. ಬಳ್ಳಾರಿಯ ಸಂಗನಕಲ್ಲು ಮೊದಲಾದ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕಾಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್, ಪಿ.ಸಿ. ವೆಂಕಟಸುಬ್ಬಯ್ಯ ಮತ್ತು ಸಂಗಡಿಗರು, ದಕ್ಷಿಣದ ಮೊದಲ ರೈತರ ಮೂಲ ಬೆಳೆಗಳು ಗೋಧಿ, ಭತ್ತ ಯಾವುದೂ ಅಲ್ಲವೆಂದು ತೋರಿಸಿದರು. ಕೊರಲೆ ಮತ್ತು ಇನ್ನೊಂದು ಸಣ್ಣ ಸಿರಿಧಾನ್ಯ, ಜೊತೆಗೆ ಹೆಸರು ಮತ್ತು ಹುರುಳಿ. ಎರಡು ಹುಲ್ಲು, ಎರಡು ಬೇಳೆ. ಇವು ಇಲ್ಲಿಯವೇ. ಹೊರಗಿನಿಂದ ಬಂದ ಗೋಧಿ, ಬಾರ್ಲಿ ಅಲ್ಲಲ್ಲಿ ಕಾಣಿಸಿದರೂ ಮೇಲೋಗರದಷ್ಟೇ.

ಹೆಸರಿನ ಕಾಡುತಳಿ ಇಂದಿಗೂ ಪಶ್ಚಿಮಘಟ್ಟದ ಅಂಚಿನ ಕಾಡುಗಳಲ್ಲಿ ಬಳ್ಳಿಯಾಗಿ ಹಬ್ಬುತ್ತದೆ. ಅದರ ಕಾಯಿ ಒಣಗಿದರೆ ತಾನೇ ಸಿಡಿದು ಬೀಜ ಚೆಲ್ಲಿಬಿಡುತ್ತದೆ. ಕಾಡಿನ ಗಿಡಕ್ಕೆ ಅದೇ ಕ್ಷೇಮ, ಬುಟ್ಟಿ ಹಿಡಿದು ಬಂದವರಿಗೆ ಅದೇ ತಲೆನೋವು. ಸಿಡಿಯದೆ ಉಳಿದ ಕಾಯಿಗಳೇ ಹೆಚ್ಚು ಹೆಚ್ಚಾಗಿ ಮನೆ ಸೇರುತ್ತವೆ, ಮುಂದಿನ ವರ್ಷ ಅವೇ ಬಿತ್ತನೆಗೆ ಹೋಗುತ್ತವೆ. ಹೀಗೆ ನೂರಾರು ವರ್ಷ ನಡೆದರೆ, ಯಾರೂ ಉದ್ದೇಶಪಟ್ಟು ಮಾಡದಿದ್ದರೂ, ಒಂದು ಬೆಳೆ ಹುಟ್ಟುತ್ತದೆ. ಇದನ್ನು ಕ್ರಾಂತಿ ಎನ್ನಲು ನನಗೆ ಮನಸ್ಸು ಬಾರದು. ಬಿತ್ತುವುದು, ಕೊಯ್ಯುವುದು, ಕೇರುವುದು, ಮುಂದಿನ ಮಳೆಗೆ ಒಂದು ಹಿಡಿ ಎತ್ತಿಡುವುದು. ಇದರಲ್ಲಿ ಹೆಚ್ಚಿನ ಪಾಲು ಹೆಂಗಸರದ್ದೇ ಇದ್ದಿರಬೇಕು. ಘಟ್ಟದ ಪೂರ್ವದ ಸೆರಗಿನಲ್ಲಿ ಎಲ್ಲೆಲ್ಲಿ ಇದು ನಡೆಯಿತೋ ಆ ಪಟ್ಟಿಯಲ್ಲೇ ಹುಣಸೂರೂ ಕೋಟೆಯೂ ಇವೆ. ಹುರುಳಿಯಂತೂ ಮಳೆ ಕೈಕೊಟ್ಟ ವರ್ಷವೂ ಕೈಬಿಡದ ಕಾಳು. ದನಕ್ಕೂ ಅದೇ, ಬಸ್ಸಾರಿಗೂ ಅದೇ. ನಾಲ್ಕು ಸಾವಿರ ವರ್ಷದಿಂದ ಈ ನೆಲದ್ದೇ ಆದ ಕಾಳಿಗೆ ಈಗ ಬಡವರ ಕಾಳೆಂಬ ಬಿರುದು ಮಾತ್ರ ದಕ್ಕಿದೆ.

ಮೈಸೂರು ಸೀಮೆಯ ಈ ಮೊದಲ ರೈತರನ್ನು ಮುಖತಃ ಕಾಣಬೇಕಾದರೆ ಕಾವೇರಿಯ ಗುಂಟ ಸ್ವಲ್ಪ ಕೆಳಕ್ಕೆ, ತಿರುಮಕೂಡಲು ನರಸೀಪುರಕ್ಕೆ ಹೋಗಬೇಕು. ಕೋಟೆಯ ಕಪಿಲೆ, ಪಿರಿಯಾಪಟ್ಟಣ ಮತ್ತು ಕೃಷ್ಣರಾಜನಗರ ಹಾದುಬಂದ ಕಾವೇರಿ ಎರಡೂ ಸೇರುವ ಜಾಗ ಅದು. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಎಂ. ಶೇಷಾದ್ರಿ ಅಲ್ಲಿ 1959ರಿಂದ 1965ರ ನಡುವೆ ಹಲವು ಹಂತಗಳಲ್ಲಿ ಉತ್ಖನನ ಮಾಡಿಸಿದರು. ವರದಿ 1971ರಲ್ಲಿ ಬಂತು. ಕೈಯಲ್ಲೇ ತಟ್ಟಿ ಮಾಡಿದ ಬೂದುಬಣ್ಣದ ಮಡಕೆಗಳು, ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳು, ನೆಲದಲ್ಲಿ ಕಂಬ ನೆಟ್ಟ ಗುಳಿಗಳು, ಸತ್ತವರನ್ನು ನೀಳವಾಗಿ ಮಲಗಿಸಿದ ಗೋರಿಗಳು. ಅವುಗಳ ನಡುವೆ ಮಣ್ಣಿನಲ್ಲಿ ಮಾಡಿ ಸುಟ್ಟ ತಲೆಯಾಸರೆಗಳು, ಅಂದರೆ ಮಲಗುವಾಗ ಕತ್ತಿನ ಕೆಳಗೆ ಇಟ್ಟುಕೊಳ್ಳುವ ದಿಂಬುಗಳು. ಇಂಥವು ಅದೇ ತಾಲ್ಲೂಕಿನ ಹೆಮ್ಮಿಗೆಯಲ್ಲೂ ಸಿಕ್ಕವು. ಪ್ರಾಚೀನ ಈಜಿಪ್ತಿನ ತಲೆಯಾಸರೆಗಳನ್ನು ನೆನಪಿಸುವ ಈ ವಸ್ತು ವಿದ್ವಾಂಸರಿಗೆ ಆಗಲೇ ಕುತೂಹಲ ಹುಟ್ಟಿಸಿತ್ತು. ಹೋಲಿಕೆ ಕಂಡಾಕ್ಷಣ ನಂಟು ಹಚ್ಚಬಾರದು ಎನ್ನುವುದು ಬೇರೆ ಮಾತು. ಕತ್ತು ಎಲ್ಲ ದೇಶದವರಿಗೂ ಇರುತ್ತದೆ. ಕಾಲ ಸುಮಾರು ಕ್ರಿ.ಪೂ. 2000ದಿಂದ 1500ರ ಒಳಗಿನದು. ಸಿಂಧೂ ಬಯಲಿನ ದೊಡ್ಡ ನಗರಗಳು ಬರಿದಾಗುತ್ತಿದ್ದ ದಿನಗಳಲ್ಲಿ ಇಲ್ಲಿ ಮೊದಲ ಗುಡಿಸಲುಗಳು ಎದ್ದಿದ್ದವು.

ಬೆಳೆಯ ಜೊತೆಗೆ ದನ. ಡುಬ್ಬದ ದನವನ್ನು ಮೊದಲು ಪಳಗಿಸಿದ್ದು ವಾಯವ್ಯದಲ್ಲಿ, ಸಿಂಧೂ ಕಣಿವೆಯ ಅಂಚಿನಲ್ಲಿ. ಅಂಥ ದನ ಸಾಕಿದ ಗೋವಳರು ಬಳ್ಳಾರಿ, ರಾಯಚೂರು ಕಡೆ ಸೆಗಣಿ ಕೂಡಿಹಾಕಿ ಸುಟ್ಟು ಬೆಟ್ಟದಂಥ ಬೂದಿದಿಬ್ಬಗಳನ್ನು ಬಿಟ್ಟುಹೋಗಿದ್ದಾರೆ. ಉತ್ತರ ಕರ್ನಾಟಕದ ಆ ಬೂದಿದಿಬ್ಬಗಳನ್ನು ನೋಡಿದರೆ ದಕ್ಷಿಣದ ನವಶಿಲಾಯುಗ ಊರಿಗಿಂತ ಹಟ್ಟಿಯಲ್ಲಿ ಶುರುವಾದದ್ದೆಂದು ಅನ್ನಿಸುತ್ತದೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅಂಥ ದಿಬ್ಬಗಳಿಲ್ಲ, ದನವಂತೂ ಬಂದು ನೆಲೆ ನಿಂತಿತು. ಮೈಸೂರಿನ ಅರಸರು ಬೆಣ್ಣೆ ಚಾವಡಿ ಎಂದು, ಟಿಪ್ಪು ಅಮೃತ ಮಹಲ್ ಎಂದು ಕರೆದ ದೊಡ್ಡ ದನದ ಇಲಾಖೆಗೆ 19ನೆಯ ಶತಮಾನದಲ್ಲಿ ಕೇಂದ್ರವಾದದ್ದು ಹುಣಸೂರು. ಫಿರಂಗಿ ಎಳೆಯುವ ಎತ್ತುಗಳು ಇಲ್ಲಿಂದ ಹೋಗುತ್ತಿದ್ದವು. ಅದರ ಬೆನ್ನಿಗೇ ಊರಿನಲ್ಲಿ ಚರ್ಮ ಹದಮಾಡುವ, ಕಂಬಳಿ ನೇಯುವ ಸರ್ಕಾರಿ ಕಾರ್ಖಾನೆಗಳು ಬಂದವು.

ಈಗ ರಾಗಿಯ ವಿಚಾರ. ಹಳೆ ಮೈಸೂರಿನವರಿಗೆ ಇದು ಸ್ವಲ್ಪ ಇರುಸುಮುರುಸು ತರಬಹುದು. ರಾಗಿ ಇಲ್ಲಿಯದಲ್ಲ. ಅದರ ತೌರು ಪೂರ್ವ ಆಫ್ರಿಕಾದ ಎತ್ತರದ ನೆಲ, ಇಥಿಯೋಪಿಯಾ ಮತ್ತು ಉಗಾಂಡದ ಕಡೆ. ಹುಣಸೂರು ಸಂತೆಯಲ್ಲಿ ಮಾರ್ಗಶಿರದ ಚಳಿಗೆ ರಾಶಿ ಬೀಳುವ ಸೊಗಡಿನ ಅವರೆಕಾಯಿಯೂ ಆಫ್ರಿಕಾದ್ದೇ, ಅಲಸಂದೆಯೂ ಅಲ್ಲಿಯದೇ, ಜೋಳ ಸಜ್ಜೆಗಳೂ ಅಲ್ಲಿಯವೇ. ಮುದ್ದೆ ಮತ್ತು ಹಿತಕಿದ ಬೇಳೆ ಸಾರು, ಅಪ್ಪಟ ನಮ್ಮದು ಎಂದು ಬೀಗುವ ಊಟ, ಎರಡೂ ಅರಬ್ಬೀ ಸಮುದ್ರ ದಾಟಿ ಬಂದದ್ದು. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಆಫ್ರಿಕಾದ ಬೆಳೆಗಳು ಭಾರತದ ಪಶ್ಚಿಮ ಕರಾವಳಿಗೆ ತಲುಪಲು ಆರಂಭಿಸಿದವು. ರಾಗಿ ಕರ್ನಾಟಕಕ್ಕೆ ಯಾವಾಗ ಬಂತೆಂಬುದರಲ್ಲಿ ಜಗಳವಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಕಾಳುಗಳನ್ನು ರಾಗಿಯೆಂದು ಹಿಂದೆ ಗುರುತಿಸಿದ್ದನ್ನು ಈಚಿನವರು ಪ್ರಶ್ನಿಸಿದ್ದಾರೆ. ಯಾವಾಗಲಾದರೂ ಬಂದಿರಲಿ, ಬಂದದ್ದು ಮನೆಮಗಳಾಗಿ ನಿಂತಿತು.

ಅದು ನಿಂತದ್ದು ರುಚಿಗಷ್ಟೇ ಅಲ್ಲ, ಬಾಳಿಕೆಗೆ. ರಾಗಿಯ ಕಾಳು ಎಷ್ಟು ಸಣ್ಣದೆಂದರೆ ಹುಳುವಿಗೆ ಒಳಹೊಕ್ಕು ಕೂರಲು ಜಾಗವಿಲ್ಲ. ಚೆನ್ನಾಗಿ ಒಣಗಿಸಿ ಹಗೇವಿಗೆ ಹಾಕಿದರೆ ವರ್ಷಗಟ್ಟಲೆ ಕೆಡದು. ಹಗೇವು ನೋಡದ ತಲೆಮಾರಿಗೆ ಹೇಳಬೇಕು: ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿ ತೋಡಿದ ಗುಳಿ. ಒಳಗೆ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಗಾಳಿಯಾಡದ ಕಡೆ ಹುಳು ಬದುಕದು. ತೆಗೆಯುವಾಗ ಬಾಯಿ ತೆರೆದಿಟ್ಟು, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಸಿ ಅದು ಉರಿಯುತ್ತದೆಯೇ ಎಂದು ನೋಡಿದ ಮೇಲೆ ಆಳನ್ನು ಇಳಿಸುತ್ತಿದ್ದರು. ಅವಸರಪಟ್ಟವರು ಒಳಗೇ ಪ್ರಾಣ ಬಿಟ್ಟದ್ದೂ ಉಂಟು. ನಾಗರಿಕತೆಯ ತಿರುವುಗಳ ಪಟ್ಟಿಯಲ್ಲಿ ಚಕ್ರಕ್ಕೆ ಸಿಗುವ ಗೌರವದ ಕಾಲುಭಾಗವೂ ಕಾಳು ಶೇಖರಿಸುವ ಗುಳಿಗೆ ಸಿಗುವುದಿಲ್ಲ. ಗೆಣಸನ್ನು ತೆರಿಗೆಯಾಗಿ ವಸೂಲು ಮಾಡಿ ಹತ್ತು ವರ್ಷ ಇಡಲಾಗದು, ಜೇನನ್ನು ಕೊಟ್ಟು ಸೈನ್ಯ ಸಾಕಲಾಗದು. ಅಳೆಯಬಲ್ಲ, ಹೊರಬಲ್ಲ, ಕೂಡಿಡಬಲ್ಲ ಕಾಳು ಇದ್ದಲ್ಲಿ ಮಾತ್ರ ಯಾರದೋ ಕಣಕ್ಕೆ ಬಂದು ಪಾಲು ಕೇಳುವ ಅಧಿಕಾರಿ ಹುಟ್ಟುತ್ತಾನೆ. ಬರಗಾಲಕ್ಕೆ ಆಸರೆಯಾದದ್ದೂ ಹಗೇವು, ದೊರೆತನಕ್ಕೆ ದಾರಿ ಮಾಡಿಕೊಟ್ಟದ್ದೂ ಅಂಥದೇ ಕಣಜ.

ಹೊರಗಿನದನ್ನು ಒಳಗೆ ತೆಗೆದುಕೊಳ್ಳುವ ಈ ಚಾಳಿ ಆಮೇಲೂ ನಿಲ್ಲಲಿಲ್ಲ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಹೊಗೆಸೊಪ್ಪು ಇಂದು ಪಿರಿಯಾಪಟ್ಟಣ, ಹುಣಸೂರಿನ ಊರೂರಿಗೆ ಸೊಪ್ಪು ಹದಮಾಡುವ ಬ್ಯಾರನ್ ಎಬ್ಬಿಸಿದೆ. ಅವಕ್ಕೆ ಉರುವಲಾಗಿ ಎಷ್ಟು ಮರ ಬೂದಿಯಾಯಿತೆಂದು ಕಾಡಿನಂಚಿನವರನ್ನು ಕೇಳಬೇಕು. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಗೆ ಬಂದ ಟಿಬೆಟಿನವರು ಕಾಡು ಕಡಿದ ನೆಲದಲ್ಲಿ ಮೆಕ್ಕೆಜೋಳ ಹಾಕಿದರು, ಅದೂ ಅಮೆರಿಕದ್ದು.

ಕಬ್ಬಿಣಕ್ಕೆ ಬರೋಣ. ಕಲ್ಲಿನ ಕೊಡಲಿಯಿಂದ ಮರ ಕಡಿಯಬಹುದು, ಆದರೆ ಬಿದಿರು ಮೆಳೆ ಸವರಿ, ತೇಗದ ಬೇರು ಕಿತ್ತು, ಕಾಡಿನ ಅಂಚನ್ನು ಹೊಲ ಮಾಡುವ ಮಾತು ಬೇರೆ. ಎಂ.ಎಸ್. ನಾಗರಾಜರಾಯರು 1965ರ ಹೊತ್ತಿಗೆ ಹಳ್ಳೂರಿನಲ್ಲಿ ಅಗೆದಾಗ ಕ್ರಿ.ಪೂ. 1000ದ ಸುಮಾರಿನ ಪದರದಲ್ಲಿ ಕಬ್ಬಿಣದ ಬಾಣದ ಮೊನೆಗಳು ಸಿಕ್ಕವು. ಕಬ್ಬಿಣವನ್ನು ಆರ್ಯರು ಉತ್ತರದಿಂದ ತಂದರೆಂಬ ವಾದಕ್ಕೆ ಆಗ ಬಿದ್ದ ಪೆಟ್ಟು ದೊಡ್ಡದು. ದಾವಣಗೆರೆ ಕಡೆಯ ಕೊಮಾರನಹಳ್ಳಿಯ ಕಾಲಗಣನೆ ಅದನ್ನು ಇನ್ನೂ ಹಿಂದಕ್ಕೆ ಒಯ್ಯುತ್ತದೆ. ದಕ್ಷಿಣದಲ್ಲಿ ತಾಮ್ರಯುಗವೆಂದು ಹೇಳಿಕೊಳ್ಳುವಂಥದ್ದು ಗಟ್ಟಿಯಾಗಿ ನಿಲ್ಲದೆ, ಕಲ್ಲಿನಿಂದ ಬಹುಮಟ್ಟಿಗೆ ನೇರವಾಗಿ ಕಬ್ಬಿಣಕ್ಕೆ ದಾಟಿದ್ದೂ ಒಂದು ವಿಶೇಷ. ಅದಿರಿಗೆ ಇಲ್ಲಿ ಕೊರತೆಯಿಲ್ಲ, ಇದ್ದಲಿಗೆ ಬೇಕಾದ ಮರಕ್ಕೂ ಇಲ್ಲ. ತಿದಿಯೂದಿ ಹದವಾದ ಶಾಖ ತರುವ ಕೈಗಳು ಮಾತ್ರ ಬೇಕಿತ್ತು. ಗುಡಿಸಲಿನಷ್ಟೂ ಎತ್ತರವಿಲ್ಲದ ಮಣ್ಣಿನ ಕುಲುಮೆಯಲ್ಲಿ ಅದಿರು ಕರಗಿ ನೀರಾಗುವುದಿಲ್ಲ. ಕಿಟ್ಟ ಬೇರೆಯಾಗಿ, ಸ್ಪಂಜಿನಂಥ ಗಟ್ಟಿ ಉಳಿಯುತ್ತದೆ. ಅದನ್ನು ಕೆಂಪಗೆ ಕಾಯಿಸಿ ಬಡಿದು ಬಡಿದು ಕಿಟ್ಟ ಹಿಂಡಿ ತೆಗೆದರೆ ಕಬ್ಬಿಣ. 19ನೆಯ ಶತಮಾನದವರೆಗೂ ಮೈಸೂರು ರಾಜ್ಯದ ಕಬ್ಬಿಣ ಬಹುಪಾಲು ಹೀಗೆಯೇ ಬರುತ್ತಿತ್ತು.

ಕಬ್ಬಿಣದ ಜೊತೆಗೆ ಎರಡು ಹೊಸ ಸಂಗತಿಗಳು ಕಾಣುತ್ತವೆ. ಒಂದು, ಒಳಗೆ ಕಪ್ಪು ಹೊರಗೆ ಕೆಂಪು ಬರುವಂತೆ ಬೇಯಿಸಿದ ನಯವಾದ ಮಡಕೆ. ಇನ್ನೊಂದು, ಸತ್ತವರಿಗೆ ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಕಲ್ಲುಮನೆ. ಪಕ್ಕದ ಕೊಡಗಿನ ವಿರಾಜಪೇಟೆಯ ಸುತ್ತ ಇಂಥ ಕಲ್ಗೋರಿಗಳು ಗುಂಪುಗುಂಪಾಗಿ ಇದ್ದವು. 19ನೆಯ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿಗಳು ಅವನ್ನು ತೆರೆಸಿ ಮಡಕೆ, ಮಣಿ, ಕಬ್ಬಿಣದ ತುಂಡುಗಳನ್ನು ತೆಗೆದರು. ಜನ ಮಾತ್ರ ಅವನ್ನು ಪಾಂಡವರ ಮನೆ, ಮೋರಿಯರ ಮನೆ ಎಂದೇ ಕರೆಯುತ್ತ ಬಂದಿದ್ದರು. ಇಷ್ಟು ಭಾರದ ಚಪ್ಪಡಿ ಎತ್ತಿ ನಿಲ್ಲಿಸಲು ಹತ್ತಾರು ಜನರ ದುಡಿಮೆ ಬೇಕು, ಅವರಿಗೆಲ್ಲ ಅಷ್ಟು ದಿನ ಊಟ ಹಾಕಬೇಕು. ಎಲ್ಲ ಸತ್ತವರಿಗೂ ಇದು ಆಗುವ ಮಾತಲ್ಲ. ನವಶಿಲಾಯುಗದ ಗೋರಿಗಳಲ್ಲಿ ಅಷ್ಟಾಗಿ ಎದ್ದು ಕಾಣದ ಉಳ್ಳವರು ಮತ್ತು ಇಲ್ಲದವರ ಅಂತರ ಇಲ್ಲಿ ಕಲ್ಲಿನಲ್ಲೇ ನಿಂತಿದೆ. ಪುನ್ನಾಟದ ದೊರೆಗಳ ಹಿಂದಿನವರು ಇಂಥ ಮುಖಂಡರೇ ಆಗಿರಬೇಕು.

ನೀರಿನ ಕತೆಯನ್ನು ಇಲ್ಲಿಗೇ ಜೋಡಿಸುವ ಆಸೆ ಬರುತ್ತದೆ, ಕೃಷ್ಣರಾಜನಗರವನ್ನು ಭತ್ತದ ಕಣಜ ಎನ್ನುವುದರಿಂದ. ಆದರೆ ಆತುರ ಬೇಡ. ಈಜಿಪ್ತು, ಮೆಸೊಪೊಟೇಮಿಯಾಗಳಲ್ಲಿ ನಾಲೆಯೇ ರಾಜ್ಯವನ್ನು ಹುಟ್ಟಿಸಿತು ಎನ್ನುತ್ತಾರಷ್ಟೇ, ಇಲ್ಲಿ ರಾಜ್ಯ ಮೊದಲು ಬಂತು, ನಾಲೆ ಎಷ್ಟೋ ಶತಮಾನ ತಡವಾಗಿ ಬಂತು. ಕರ್ನಾಟಕದಲ್ಲಿ ಕೆರೆ ಕಟ್ಟಿಸಿದ ಸುದ್ದಿ ನಾಲ್ಕನೆಯ ಶತಮಾ​ನದ ಮಯೂರಶರ್ಮನ ಚಂದ್ರವಳ್ಳಿ ಶಾಸನದಲ್ಲೇ ಇದೆ. ಹರಿಯುವ ಹೊಳೆಗೆ ಅಡ್ಡ ಕಟ್ಟಿ ನೀರು ತಿರುಗಿಸುವುದು ಬೇರೆ ವಿದ್ಯೆ. ಲಕ್ಷ್ಮಣತೀರ್ಥಕ್ಕೆ ಹನಗೋಡು, ಕಟ್ಟೆಮಳಲವಾಡಿಗಳಲ್ಲಿ, ಕಾವೇರಿಗೆ ಚುಂಚನಕಟ್ಟೆಯ ಆಸುಪಾಸಿನಲ್ಲಿ ಹಾಕಿದ ಕಟ್ಟೆಗಳು, ಮಿರ್ಲೆ, ಚಾಮರಾಜ ನಾಲೆಗಳು ಬಹುಮಟ್ಟಿಗೆ ಮಧ್ಯಕಾಲದ ಮತ್ತು ಒಡೆಯರ ಕಾಲದ ಸಾಹಸ. ನದಿಯ ನಡುವಿನ ಬಂಡೆಗಳನ್ನೇ ಆಧಾರ ಮಾಡಿಕೊಂಡು, ಪ್ರವಾಹಕ್ಕೆ ಎದೆಕೊಡದೆ ಓರೆಯಾಗಿ ಒರಟು ಕಲ್ಲು ಪೇರಿಸುತ್ತ ಹೋಗುವುದು ಹಳೆಯ ಪದ್ಧತಿ. ಮಳೆಗಾಲದಲ್ಲಿ ನೀರು ಮೇಲೆ ಹರಿದು ಹೋಗುತ್ತದೆ, ಒಂದಿಷ್ಟು ಕಲ್ಲನ್ನೂ ಒಯ್ಯುತ್ತದೆ. ಬೇಸಗೆಯಲ್ಲಿ ಊರವರು ಸೇರಿ ಮತ್ತೆ ಪೇರಿಸುತ್ತಾರೆ. 1924ರ ಕಾವೇರಿ ಪ್ರವಾಹದಂಥ ವರ್ಷಗಳಲ್ಲಿ ನದಿಗೆ ಯಾರ ಲೆಕ್ಕವೂ ಇರುವುದಿಲ್ಲ. ದಡದ ಹಳೆಯ ಎಡತೊರೆಯಿಂದ ಸರಿದು, ಕೃಷ್ಣರಾಜನಗರವೆಂಬ ಹೊಸ ಊರು ಅಚ್ಚುಕಟ್ಟಾದ ಬೀದಿಗಳೊಂದಿಗೆ ತಲೆಯೆತ್ತಿದ್ದು ಆಮೇಲೆ.

ಇನ್ನು ಅಕ್ಷರ. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಶೋಕ ತನ್ನ ಧರ್ಮಾಜ್ಞೆಗಳನ್ನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಯ ಮೇಲೆ ಬರೆಸಿದ. ಚಪಡ ಎಂಬ ಬರಹಗಾರ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ, ಆ ಸೀಮೆಯ ಯಾರೂ ಓದಲಾರದ ಲಿಪಿಯಲ್ಲಿ. ತನಗೆ ಇದೂ ಬರುತ್ತದೆ ಎಂದು ತೋರಿಸುವ ನೌಕರನ ಸಣ್ಣ ಹೆಮ್ಮೆ ಇದ್ದೀತು. ಆದರೆ ಆ ಅಕ್ಷರಗಳು ಅಲ್ಲಿಂದ ಕಪಿಲೆಯ ದಡಕ್ಕೆ ಇಳಿಯಲು ಏಳೆಂಟು ಶತಮಾನ ಹಿಡಿಯಿತು. ಅಷ್ಟರಲ್ಲಿ ಇಲ್ಲಿನ ವೈಡೂರ್ಯ ರೋಮಿನ ಶ್ರೀಮಂತರ ಬೆರಳಿಗೆ ಉಂಗುರವಾಗಿ ಹೋಗಿಯಾಗಿತ್ತು. ಬರೆಯಲು ಕಲಿಯುವ ಮೊದಲೇ ಈ ನಾಡು ವ್ಯಾಪಾರ ಮಾಡಲು ಕಲಿತಿತ್ತು.

ಪುನ್ನಾಟದ ದೊರೆಗಳು ನಮಗೆ ಸಿಗುವುದು ಸಂಸ್ಕೃತದ ತಾಮ್ರಪಟಗಳಲ್ಲಿ. ರಾಷ್ಟ್ರವರ್ಮ, ನಾಗದತ್ತ, ಭುಜಗ, ಸ್ಕಂದವರ್ಮ, ರವಿದತ್ತ ಎಂದು ಹೆಸರುಗಳು ಸಾಗುತ್ತವೆ. ರವಿದತ್ತನ ಕೊಮರಲಿಂಗಂ ತಾಮ್ರಶಾಸನ ಕಿತ್ತಿಪುರದ ಹೆಸರು ಹೇಳುತ್ತದೆ. ಈ ಹೆಸರುಗಳ ಸಾಲಿನಲ್ಲಿ ಉಸಿರಾಡುವ ಮನುಷ್ಯರು ಒಂದೇ ಕಡೆ ಕಾಣುತ್ತಾರೆ, ಅದೂ ಪುನ್ನಾಟದ ಶಾಸನಗಳಲ್ಲಲ್ಲ, ಗಂಗರ ಶಾಸನಗಳಲ್ಲಿ. ಸ್ಕಂದವರ್ಮ ತನ್ನ ಮಗಳನ್ನು ಬೇರೊಬ್ಬನಿಗೆ ಕೊಡಲು ಮಾತಾಡಿದ್ದ. ಅವಳು ತಾನಾಗಿ ತಲಕಾಡಿನ ಗಂಗರ ಅವಿನೀತನನ್ನು ವರಿಸಿದಳು. ಅವರ ಮಗ ದುರ್ವಿನೀತ. ಆರನೆಯ ಶತಮಾನದ ಈ ದೊರೆ ಭಾರವಿಯ ಕಾವ್ಯದ ಹದಿನೈದನೆಯ ಸರ್ಗಕ್ಕೆ ವ್ಯಾಖ್ಯಾನ ಬರೆದವನೆಂದು ಶಾಸನಗಳು ಹೊಗಳುತ್ತವೆ, ಕವಿರಾಜಮಾರ್ಗ ಅವನನ್ನು ಕನ್ನಡದ ಹಳೆಯ ಗದ್ಯಕಾರರ ಸಾಲಿನಲ್ಲಿ ಹೆಸರಿಸುತ್ತದೆ. ತಾಯಿಯ ಕಡೆಯಿಂದ ಬಂದ ಪುನ್ನಾಟವನ್ನು ಅವನು ತನ್ನ ರಾಜ್ಯಕ್ಕೆ ಸೇರಿಸಿಕೊಂಡ. ಒಬ್ಬ ಹೆಣ್ಣುಮಗಳು ಅಪ್ಪನ ಮಾತು ಮೀರಿದ್ದು ಒಂದು ರಾಜ್ಯದ ಕೊನೆಯೂ ಆಯಿತು, ಇನ್ನೊಂದರ ಹಿಗ್ಗೂ ಆಯಿತು. ಮದುವೆಯಿಂದ ರಾಜ್ಯ ಕೈಬದಲಾದದ್ದು ಚರಿತ್ರೆಯಲ್ಲಿ ಅಪರೂಪವಲ್ಲ. ಅದು ಮಗಳ ಆಯ್ಕೆಯಾಗಿತ್ತು ಎಂದು ಶಾಸನವೇ ಒಪ್ಪುವುದು ಅಪರೂಪ. ಅವಳ ಸ್ವಂತ ಹೆಸರಿಗಿಂತ ಸ್ಕಂದವರ್ಮನ ಮಗಳು, ಅವಿನೀತನ ರಾಣಿ, ದುರ್ವಿನೀತನ ತಾಯಿ ಎಂಬ ಗುರುತೇ ಚರಿತ್ರೆಗೆ ಸಾಕಾಯಿತು.

ಅಲ್ಲಿಂದ ಮುಂದೆ ಪುನ್ನಾಟ ರಾಜ್ಯವಾಗಿ ಉಳಿಯಲಿಲ್ಲ, ಪುನ್ನಾಡು ಹತ್ತುಸಾವಿರವೆಂಬ ಒಂದು ಆಡಳಿತದ ನಾಡಾಯಿತು. ಹೆಸರು ಮಾತ್ರ ಜೈನ ಮುನಿಗಳ ಕಾಲಿಗೆ ಬಿದ್ದು ಉತ್ತರಕ್ಕೆ ನಡೆಯಿತು. ಪುನ್ನಾಟ ಸಂಘವೆಂಬ ಮುನಿಪರಂಪರೆ ಇಲ್ಲಿಂದ ಹೊರಟು ಸೌರಾಷ್ಟ್ರ ಸೇರಿತ್ತು. ಆ ಸಂಘದ ಜಿನಸೇನ 783ರಲ್ಲಿ ಹರಿವಂಶಪುರಾಣ ಬರೆದು ಮುಗಿಸಿದ್ದು ಅಲ್ಲಿಯ ವರ್ಧಮಾನಪುರದಲ್ಲಿ. ಅದೇ ಸಂಘದ ಹರಿಷೇಣ 931ರಲ್ಲಿ ಬೃಹತ್ಕಥಾಕೋಶ ಬರೆಯುವಾಗ, ಉಜ್ಜಯಿನಿಯಲ್ಲಿ ಹನ್ನೆರಡು ವರ್ಷದ ಬರ ಬರುವುದನ್ನು ಅರಿತ ಜೈನ ಆಚಾರ್ಯ ಭದ್ರಬಾಹು ಮುನಿಸಂಘವನ್ನು ದಕ್ಷಿಣದ ಪುನ್ನಾಟ ವಿಷಯಕ್ಕೆ ಕಳಿಸಿದ ಕತೆಯನ್ನು ಹೇಳುತ್ತಾನೆ. ಬರ ಬಂದಾಗ ಉತ್ತರದ ಮುನಿಗಳು ಹೋಗಬೇಕಾದ ನಾಡು ಯಾವುದೆಂದರೆ ಅವನ ಲೇಖನಿಗೆ ಹೊಳೆದದ್ದು ಕಪಿಲೆಯ ಸೀಮೆ. ಭಿಕ್ಷೆಗೆ ಬಂದವರಿಗೆ ನೀಡಲು ಅಲ್ಲಿ ಕಾಳಿತ್ತು.